ಬೆಂಗಳೂರಿನಿಂದ ಅಂಡಮಾನ್: ಗಂಟೆ ಎರಡೂವರೆ, ಲೆಕ್ಕ ಬೇರೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಪೋರ್ಟ್ ಬ್ಲೇರ್‌ನ ವೀರ ಸಾವರ್ಕರ್ ವಿಮಾನ ನಿಲ್ದಾಣಕ್ಕೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 1,640 ಕಿಲೋಮೀಟರ್. ನೇರ ವಿಮಾನದ ವೇಳಾಪಟ್ಟಿಯಲ್ಲಿ ಕಾಣುವ ಹೊತ್ತು ಎರಡೂವರೆ ಗಂಟೆಯ ಆಸುಪಾಸು. ಬೆಂಗಳೂರಿನಿಂದ ದೆಹಲಿಗೆ ನೇರ ಗೆರೆಯಲ್ಲಿ ಸುಮಾರು 1,700 ಕಿಲೋಮೀಟರ್ ಆಗುತ್ತದೆ. ಅಂದರೆ ಭೂಪಟದಲ್ಲಿ ಅಷ್ಟು ದೂರ ಕಾಣುವ ಅಂಡಮಾನ್, ಬೆಂಗಳೂರಿಗರಿಗೆ ದೆಹಲಿಗಿಂತ ತುಸು ಹತ್ತಿರ.

ಇಷ್ಟನ್ನೇ ನಂಬಿಕೊಂಡು ಹೊರಟರೆ ಪ್ರವಾಸದ ಮೊದಲ ದಿನವೇ ಕೈತಪ್ಪುತ್ತದೆ. ಮಧ್ಯಾಹ್ನ ಊಟ ಮುಗಿಸಿ ವಿಮಾನ ಹತ್ತಿ, ಸಂಜೆ ಬೀಚಿನಲ್ಲಿ ಕಾಲು ಚಾಚಿ ಕೂರೋಣ ಎಂದುಕೊಂಡವರು ಇಳಿಯುವಾಗ ಅಲ್ಲಿ ಕತ್ತಲೆ. ಗಡಿಯಾರ ಇನ್ನೂ ಐದೂಕಾಲು ತೋರಿಸುತ್ತಿರುತ್ತದೆ. ದ್ವೀಪದ ಪ್ರಯಾಣವನ್ನು ಕಿಲೋಮೀಟರ್‌ಗಿಂತ ಹೆಚ್ಚಾಗಿ ಆಳುವುದು ಬಿಸಿಲು, ಗಾಳಿ ಮತ್ತು ಕೊನೆಯ ದೋಣಿ. ಟಿಕೆಟ್ ಕಾಯ್ದಿರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಮಧ್ಯಾಹ್ನ ಹನ್ನೆರಡರೊಳಗೆ ಇಳಿಯುತ್ತೇನೆಯೇ?

ಹೆಸರಿನ ಬಗ್ಗೆ ಒಂದು ಮಾತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ ಎಂಬ ಹೆಸರನ್ನು ಘೋಷಿಸಿತು. ಟಿಕೆಟ್‌ನಲ್ಲಿ, ಹೋಟೆಲ್ ಬುಕಿಂಗ್‌ನಲ್ಲಿ ಎರಡರಲ್ಲಿ ಯಾವ ಹೆಸರು ಕಂಡರೂ ಊರು ಒಂದೇ. ನಿಲ್ದಾಣದ ಮೂರಕ್ಷರದ ಸಂಕೇತ ಐಎಕ್ಸ್‌ಝಡ್. ಅದನ್ನು ನೋಡಿಕೊಂಡರೆ ಗೊಂದಲವಿಲ್ಲ. ಹಾಗೆಯೇ ಹ್ಯಾವ್‌ಲಾಕ್ 2018ರ ಕೊನೆಯಿಂದ ಸ್ವರಾಜ್ ದ್ವೀಪ, ನೀಲ್ ದ್ವೀಪ ಈಗ ಶಹೀದ್ ದ್ವೀಪ. ದೋಣಿಯವರು, ಆಟೋದವರು ಮಾತಿನಲ್ಲಿ ಹಳೆಯ ಹೆಸರನ್ನೇ ಬಳಸುವುದು ಹೆಚ್ಚು.

ಎರಡೂವರೆ ಗಂಟೆ ಎಲ್ಲಿ ಹೋಗುತ್ತದೆ?

ಜೆಟ್ ವಿಮಾನ ಮೇಲೇರಿ ಸಮವೇಗಕ್ಕೆ ಬಂದ ಮೇಲೆ ಗಂಟೆಗೆ ಸುಮಾರು 830 ಕಿಲೋಮೀಟರ್ ಹೋಗುತ್ತದೆ. ಆ ಲೆಕ್ಕದಲ್ಲಿ 1,640 ಕಿಲೋಮೀಟರ್‌ಗೆ ಎರಡು ಗಂಟೆ ಸಾಕು. ಉಳಿದ ಅರ್ಧ ಗಂಟೆ ನೆಲದ ಮೇಲೆ, ಏರುವಲ್ಲಿ, ಇಳಿಯುವಲ್ಲಿ ಖರ್ಚಾಗುತ್ತದೆ. ವಿಮಾನ ಸಂಸ್ಥೆಗಳು ಹೊತ್ತನ್ನು ಎಣಿಸುವುದು ವಿಮಾನ ನಿಂತ ಜಾಗ ಬಿಟ್ಟು ಹೊರಟ ಗಳಿಗೆಯಿಂದ, ಅಲ್ಲಿ ಹೋಗಿ ಪೂರ್ತಿ ನಿಲ್ಲುವ ಗಳಿಗೆಯವರೆಗೆ. ದೇವನಹಳ್ಳಿಯಲ್ಲಿ ಎರಡು ರನ್‌ವೇ, ಎರಡು ಟರ್ಮಿನಲ್. ಟರ್ಮಿನಲ್‌ನಿಂದ ರನ್‌ವೇ ತುದಿಗೆ ಉರುಳಿಕೊಂಡು ಹೋಗುವುದಕ್ಕೇ ಹದಿನೈದು ನಿಮಿಷ ಹಿಡಿಯುವುದುಂಟು. ಬೆಳಗಿನ ದಟ್ಟಣೆಯಲ್ಲಿ ಸಾಲಿನಲ್ಲಿ ಕಾಯುವುದೂ ಇದರೊಳಗೇ ಸೇರಿದೆ. ವೇಳಾಪಟ್ಟಿಯಲ್ಲಿ ಸಂಸ್ಥೆಗಳು ಸ್ವಲ್ಪ ಹೆಚ್ಚುವರಿ ಹೊತ್ತು ಸೇರಿಸಿಟ್ಟಿರುವುದರಿಂದ ತಡವಾಗಿ ಹೊರಟ ವಿಮಾನವೂ ಕೆಲವೊಮ್ಮೆ ಸಮಯಕ್ಕೆ ಸರಿಯಾಗಿ ಮುಟ್ಟುತ್ತದೆ.

ಏರಿದ ಮೇಲೆ ಸುಮಾರು 300 ಕಿಲೋಮೀಟರ್‌ಗೆ ನೆಲ ಮುಗಿಯುತ್ತದೆ. ಆಮೇಲೆ ಬಂಗಾಳ ಕೊಲ್ಲಿ. ಒಟ್ಟು ದಾರಿಯ ಐದರಲ್ಲಿ ನಾಲ್ಕು ಪಾಲು ಬರೀ ನೀರು. ಒಂದೂವರೆ ಗಂಟೆ ಕೆಳಗೆ ಏನೂ ಇಲ್ಲ. ಮೋಡದ ನೆರಳು, ಅಪರೂಪಕ್ಕೆ ಒಂದು ಹಡಗಿನ ಬಿಳಿ ಗೀಟು. ಹಾಗೆ ನೋಡುತ್ತಿದ್ದಂತೆ ಕಡುನೀಲಿ ನೀರು ಒಂದು ಅಂಚಿನಲ್ಲಿ ತಿಳಿಹಸಿರಾಗುತ್ತದೆ, ಹವಳದ ದಿಬ್ಬದ ಸುತ್ತ ನೊರೆಯ ಗೆರೆ ಕಾಣುತ್ತದೆ, ಅದರ ಹಿಂದೆಯೇ ನೀರಿನವರೆಗೂ ಇಳಿದ ದಟ್ಟ ಕಾಡು. ಕೊನೆಯ ಹತ್ತು ನಿಮಿಷಕ್ಕಾಗಿ ಕಿಟಕಿ ಸೀಟಿಗೆ ಹೆಚ್ಚುವರಿ ಹಣ ಕೊಟ್ಟರೂ ನಷ್ಟವಿಲ್ಲ ಎನ್ನುವವನು ನಾನು.

ಋತು ಬದಲಾದರೆ ಹಾರಾಟದ ಹೊತ್ತೂ ಬದಲಾಗುತ್ತದೆ, ಇದನ್ನು ಯಾರೂ ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ, ಬಹಳ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ರಭಸದ ಗಾಳಿ ಬೀಸುತ್ತದೆ. ಉಷ್ಣವಲಯದ ಪೂರ್ವ ಜೆಟ್ ಗಾಳಿ ಎಂದು ಹೆಸರು. 1950ರ ದಶಕದಲ್ಲಿ ಇದನ್ನು ಗುರುತಿಸಿ ವಿವರಿಸಿದವರು ನಮ್ಮ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಇದರ ನಡುಬಿರುಸು ವಿಮಾನಗಳು ಹಾರುವ ಎತ್ತರಕ್ಕಿಂತ ಮೇಲಿದ್ದರೂ ಕೆಳಗಿನ ಪದರಕ್ಕೂ ಸೆಳೆತ ತಟ್ಟುತ್ತದೆ. ಮಳೆಗಾಲದಲ್ಲಿ ಅಂಡಮಾನಿಗೆ ಹೋಗುವ ವಿಮಾನ ಎದುರುಗಾಳಿಯಲ್ಲಿ ಹೋಗುತ್ತದೆ, ಬರುವಾಗ ಗಾಳಿ ಹಿಂದಿನಿಂದ ತಳ್ಳುತ್ತದೆ. ಗಂಟೆಗೆ 60 ಕಿಲೋಮೀಟರ್‌ನ ಎದುರುಗಾಳಿ ಇದೆ ಎಂದಿಟ್ಟುಕೊಳ್ಳಿ. ಹೋಗುವಾಗ ಹತ್ತು ನಿಮಿಷ ಹೆಚ್ಚು, ಬರುವಾಗ ಏಳೆಂಟು ನಿಮಿಷ ಕಡಿಮೆ. ಚಳಿಗಾಲದಲ್ಲಿ ಪಶ್ಚಿಮದ ಜೆಟ್ ಗಾಳಿ ಉತ್ತರ ಭಾರತದ ಮೇಲಿರುವುದರಿಂದ ನಮ್ಮ ದಾರಿಗೆ ಅದರ ಗೊಡವೆ ಕಡಿಮೆ.

ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ ನೇರ ಗೆರೆಯಲ್ಲಿ ಸುಮಾರು 1,370 ಕಿಲೋಮೀಟರ್, ಕೋಲ್ಕತ್ತಾದಿಂದ 1,300. ಎರಡೂ ಕಡೆಯಿಂದ ಎರಡೂಕಾಲು ಗಂಟೆ ಹತ್ತಿರ. ಹುಬ್ಬಳ್ಳಿ, ಮಂಗಳೂರು, ಬೆಳಗಾವಿಯವರು ಬೆಂಗಳೂರಿಗೋ ಚೆನ್ನೈಗೋ ಬಂದು ವಿಮಾನ ಬದಲಾಯಿಸಬೇಕು. ಹಾಗೆ ಮಾಡುವಾಗ ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ತೆಗೆದಾಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಹೊಣೆ ಪೂರ್ತಿ ನಿಮ್ಮದೇ. ಬೆಳಗಿನ ವಿಮಾನವೇ ಬೇಕೆಂದರೆ ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಉಳಿಯುವುದೇ ಸರಿ.

ದೂರದ ಅಂಕಿಗಳ ವಿಷಯದಲ್ಲಿ ಎಚ್ಚರ ಬೇಕು. ಚೆನ್ನೈನಿಂದ ಸಮುದ್ರಮಾರ್ಗ 1,190 ಕಿಲೋಮೀಟರ್ ಎಂದು ಅನೇಕ ಪಟ್ಟಿಗಳಲ್ಲಿ ಬರೆದಿರುತ್ತದೆ. ಅಕ್ಷಾಂಶ, ರೇಖಾಂಶ ಹಿಡಿದು ಅಳೆದರೆ ನೇರ ಗೆರೆಯೇ 1,370 ಬರುವಾಗ ಹಡಗಿನ ದಾರಿ ಅದಕ್ಕಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ. ಇನ್ನೊಂದು ಅಂಕಿ ಚೆನ್ನೈ–ಅಂಡಮಾನ್ ಸಮುದ್ರದಡಿಯ ಕೇಬಲ್ಲಿನದು, ಸುಮಾರು 2,300 ಕಿಲೋಮೀಟರ್. 2020ರ ಆಗಸ್ಟ್‌ನಲ್ಲಿ ಚಾಲನೆಗೊಂಡ ಆ ಕೇಬಲ್ ಪೋರ್ಟ್ ಬ್ಲೇರ್ ಅಲ್ಲದೆ ಗ್ರೇಟ್ ನಿಕೋಬಾರ್‌ವರೆಗಿನ ಬೇರೆ ದ್ವೀಪಗಳನ್ನೂ ಜೋಡಿಸುವುದರಿಂದ ಅಷ್ಟು ಉದ್ದ. ಅದನ್ನು ಪ್ರಯಾಣದ ದೂರ ಎಂದು ಭಾವಿಸಬೇಡಿ.

ಹಡಗು ಇಂದಿಗೂ ಇದೆ. ಚೆನ್ನೈ, ಕೋಲ್ಕತ್ತಾ, ವಿಶಾಖಪಟ್ಟಣಗಳಿಂದ ಹೊರಡುತ್ತದೆ, ಎರಡೂವರೆ ದಿನದಿಂದ ಮೂರು ದಿನ ಹಿಡಿಯುತ್ತದೆ. ನಿತ್ಯ ಹೋಗುವ ಸೇವೆ ಅದಲ್ಲ. ರಜೆ ಎಣಿಸಿಕೊಂಡು ಹೊರಡುವವರಿಗೆ ಹೊಂದುವುದಿಲ್ಲ.

ಗಡಿಯಾರ ಒಂದೇ, ಸೂರ್ಯ ಬೇರೆ

ಭಾರತಕ್ಕೆಲ್ಲ ಒಂದೇ ಗಡಿಯಾರ. ಅದನ್ನು ಹೊಂದಿಸಿರುವುದು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ. ಬೆಂಗಳೂರು ಆ ಗೆರೆಯ ಪಶ್ಚಿಮಕ್ಕೆ 77.6 ಡಿಗ್ರಿಯಲ್ಲಿದೆ, ಪೋರ್ಟ್ ಬ್ಲೇರ್ ಪೂರ್ವಕ್ಕೆ 92.7 ಡಿಗ್ರಿಯಲ್ಲಿದೆ. ಎರಡರ ನಡುವೆ ಹದಿನೈದು ಡಿಗ್ರಿ. ಭೂಮಿ ಹದಿನೈದು ಡಿಗ್ರಿ ತಿರುಗಲು ಬೇಕಾಗುವುದು ಒಂದು ಗಂಟೆ. ಹೀಗಾಗಿ ನೀವು ಕೈಗಡಿಯಾರದ ಮುಳ್ಳು ಮುಟ್ಟಬೇಕಿಲ್ಲ, ಆದರೆ ಅಲ್ಲಿನ ಸೂರ್ಯ ನಿಮ್ಮೂರಿನ ಸೂರ್ಯನಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮುಂದಿರುತ್ತಾನೆ.

ಡಿಸೆಂಬರ್ ಮೊದಲ ವಾರದ ಉದಾಹರಣೆ ನೋಡಿ. ಬೆಂಗಳೂರಿನಲ್ಲಿ ಸೂರ್ಯಾಸ್ತ ಸಂಜೆ 5.52ರ ಹೊತ್ತಿಗೆ. ಪೋರ್ಟ್ ಬ್ಲೇರ್‌ನಲ್ಲಿ 4.55ಕ್ಕೇ ಸೂರ್ಯ ಮುಳುಗಿರುತ್ತಾನೆ. ಕ್ರಿಸ್‌ಮಸ್ ರಜೆಯಲ್ಲಿ ಹೋಗುವವರ ಪಾಲಿಗೆ ಸಂಜೆ ಎಂಬುದು ಮೂರೂವರೆಗೆ ಶುರು. ಅದಕ್ಕೆ ಬದಲಾಗಿ ಬೆಳಗು ಬೇಗ ಆಗುತ್ತದೆ: ಜೂನ್‌ನಲ್ಲಿ ಐದಕ್ಕೆ ಮುಂಚೆಯೇ ಸೂರ್ಯೋದಯ. ಮನೆಯಲ್ಲಿ ಏಳುಗಂಟೆಗೆ ಏಳುವವರು ಅಲ್ಲಿ ಐದೂವರೆಗೆ ಎದ್ದರೆ ಸಮುದ್ರವೂ ಶಾಂತ, ಬಿಸಿಲೂ ಹಿತ. ಮಕ್ಕಳ ಊಟ, ಹಿರಿಯರ ಮಾತ್ರೆಗಳನ್ನು ಗಡಿಯಾರದ ಪ್ರಕಾರವೇ ಮುಂದುವರಿಸಿ. ಸುತ್ತಾಟವನ್ನು ಮಾತ್ರ ಒಂದು ಗಂಟೆ ಹಿಂದಕ್ಕೆ ಎಳೆದುಕೊಳ್ಳಿ.

ಇದೇ ಸೂರ್ಯಾಸ್ತಕ್ಕೂ ನಮ್ಮ ಬೆಂಗಳೂರಿಗೂ ಒಂದು ಹಳೆಯ ನಂಟಿದೆ. 1872ರ ಫೆಬ್ರುವರಿ 8ರಂದು ವೈಸ್‌ರಾಯ್ ಲಾರ್ಡ್ ಮೇಯೋ ಪೋರ್ಟ್ ಬ್ಲೇರ್ ಎದುರಿನ ಮೌಂಟ್ ಹ್ಯಾರಿಯೆಟ್ ಬೆಟ್ಟ ಹತ್ತಿ ಸೂರ್ಯಾಸ್ತ ನೋಡಿ, ಕತ್ತಲಾಗುತ್ತಿದ್ದಂತೆ ಕೆಳಗೆ ಹೋಪ್‌ಟೌನ್ ಜೆಟ್ಟಿಗೆ ಇಳಿದ. ದೋಣಿ ಹತ್ತುವಷ್ಟರಲ್ಲಿ ಕೈದಿ ಶೇರ್ ಅಲಿ ಅಫ್ರಿದಿ ಅವನನ್ನು ಇರಿದು ಕೊಂದ. ಎಂ.ಜಿ. ರಸ್ತೆಯ ಮೇಯೋ ಹಾಲ್ ಅವನ ನೆನಪಿಗೆ ಕಟ್ಟಿದ್ದು. ಆ ಬೆಟ್ಟಕ್ಕೆ 2021ರಲ್ಲಿ ಮೌಂಟ್ ಮಣಿಪುರ ಎಂದು ಹೆಸರಾಯಿತು. 1891ರ ಆಂಗ್ಲೋ–ಮಣಿಪುರ ಯುದ್ಧದ ನಂತರ ಮಣಿಪುರದ ಮಹಾರಾಜ ಕುಲಚಂದ್ರ ಸಿಂಗ್ ಮತ್ತು ಜೊತೆಯವರನ್ನು ಗಡೀಪಾರು ಮಾಡಿ ಇಟ್ಟಿದ್ದು ಅಲ್ಲಿಯೇ.

ಹೊರಡುವ ದಿನ

ಮೆಜೆಸ್ಟಿಕ್‌ನಿಂದ ದೇವನಹಳ್ಳಿ ನಿಲ್ದಾಣಕ್ಕೆ 35 ಕಿಲೋಮೀಟರ್. ಬೆಳಗಿನ ಜಾವ ಮುಕ್ಕಾಲು ಗಂಟೆ, ಎಂಟರ ನಂತರ ಎರಡು ಗಂಟೆಯೂ ಆಗಬಹುದು. ಮುಂಜಾನೆಯ ವಿಮಾನದ ದೊಡ್ಡ ಲಾಭ ಇದೇ, ಹೆಬ್ಬಾಳದ ಜಾಮ್ ಇನ್ನೂ ಎದ್ದಿರುವುದಿಲ್ಲ. ಟರ್ಮಿನಲ್ ಒಂದೋ ಎರಡೋ ಎಂದು ಟಿಕೆಟ್‌ನಲ್ಲಿ ಹಿಂದಿನ ದಿನವೇ ನೋಡಿಕೊಳ್ಳಿ. ಇದು ದೇಶದೊಳಗಿನ ಹಾರಾಟ, ಪಾಸ್‌ಪೋರ್ಟ್ ಬೇಡ. ಆಧಾರ್, ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್ ಯಾವುದಾದರೂ ಸಾಕು. ಆದರೆ ಮೂಲಪ್ರತಿ ಕೈಲಿರಲಿ, ಮುಂದೆ ದೋಣಿ ಹತ್ತುವಾಗಲೂ ಕೇಳುತ್ತಾರೆ. ಪೋರ್ಟ್ ಬ್ಲೇರ್, ಸ್ವರಾಜ್ ದ್ವೀಪ, ಶಹೀದ್ ದ್ವೀಪಗಳಿಗೆ ಭಾರತೀಯರಿಗೆ ಪರವಾನಗಿ ಬೇಕಿಲ್ಲ. ನಿಕೋಬಾರ್ ಮತ್ತು ಬುಡಕಟ್ಟು ಮೀಸಲು ಪ್ರದೇಶಗಳ ಮಾತು ಬೇರೆ, ಅಲ್ಲಿಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ.

ಬುತ್ತಿ ಕಟ್ಟುವವರಿಗೆ: ಒಣಕೊಬ್ಬರಿಯನ್ನು ವಿಮಾನದ ಲಗೇಜಿನಲ್ಲಿ ಬಿಡುವುದಿಲ್ಲ. ಎಣ್ಣೆಯಂಶ ಹೆಚ್ಚಿರುವ ಕಾರಣ ಬೇಗ ಬೆಂಕಿ ಹಿಡಿಯುವ ವಸ್ತುಗಳ ಸಾಲಿಗೆ ಅದು ಸೇರಿದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕಬಾರದು.

ಪೋರ್ಟ್ ಬ್ಲೇರ್‌ನ ನಿಲ್ದಾಣ ಊರಿಗೆ ಅಂಟಿಕೊಂಡೇ ಇದೆ. ಚಿಪ್ಪಿನಾಕಾರದ ಹೊಸ ಟರ್ಮಿನಲ್ 2023ರ ಜುಲೈನಲ್ಲಿ ಉದ್ಘಾಟನೆಯಾಯಿತು. ಇಳಿದ ಹತ್ತು ಹದಿನೈದು ನಿಮಿಷಕ್ಕೆ ಅಬರ್ಡೀನ್ ಬಜಾರ್ ತಲುಪಬಹುದು. ಆದರೆ ರನ್‌ವೇ ಒಂದೇ, ಅದನ್ನು ನೌಕಾಪಡೆಯೂ ಬಳಸುತ್ತದೆ. ಒಂದು ತುದಿಯ ಕಡೆ ಗುಡ್ಡ ಇರುವುದರಿಂದ ವಿಮಾನಗಳು ಸಾಮಾನ್ಯವಾಗಿ ನೈರುತ್ಯ ದಿಕ್ಕಿನಿಂದಲೇ ಇಳಿಯುತ್ತವೆ. ಮುಂಗಾರು ಗಾಳಿ ಬೀಸುವುದೂ ನೈರುತ್ಯದಿಂದಲೇ. ವಿಮಾನಕ್ಕೆ ಇಳಿಯುವಾಗ ಬೇಕಾದದ್ದು ಎದುರುಗಾಳಿ. ಹಿಂಬದಿಯ ಗಾಳಿ ಮಿತಿ ಮೀರಿದರೆ ಇಳಿಯುವಂತಿಲ್ಲ. ಹತ್ತಿರದಲ್ಲಿ ದೊಡ್ಡ ನಾಗರಿಕ ವಿಮಾನ ಇಳಿಸಬಹುದಾದ ಇನ್ನೊಂದು ಭಾರತೀಯ ನಿಲ್ದಾಣ ಇಲ್ಲ. ಅದಕ್ಕೇ ಈ ದಾರಿಯ ವಿಮಾನಗಳು ವಾಪಸು ಚೆನ್ನೈಗೋ ಕೋಲ್ಕತ್ತಾಗೋ ಮರಳುವಷ್ಟು ಇಂಧನ ಇಟ್ಟುಕೊಂಡೇ ಹೊರಡುತ್ತವೆ. ಮೇಯಿಂದ ಸೆಪ್ಟೆಂಬರ್‌ವರೆಗೆ ದ್ವೀಪದ ತಲೆಯ ಮೇಲೆ ಸುತ್ತು ಹೊಡೆದು ವಿಮಾನ ಮರಳಿ ಮುಖ್ಯಭೂಮಿಗೆ ಬಂದ ಸಂದರ್ಭಗಳು ಆಗಾಗ ಆಗುತ್ತವೆ. ಹಾಗಾದಾಗ ಪೈಲಟ್ ಮೇಲೆ ಸಿಟ್ಟಾಗುವವರನ್ನು ನೋಡಿದ್ದೇನೆ. ಆ ನಿರ್ಧಾರ ನಿಮ್ಮ ಜೀವ ಉಳಿಸಲು ತೆಗೆದುಕೊಂಡದ್ದು, ಅದಕ್ಕೆ ಕೃತಜ್ಞರಾಗಿರಬೇಕು. ಮಳೆಗಾಲದಲ್ಲಿ ಟಿಕೆಟ್ ಅಗ್ಗ ಎಂದು ಹೊರಡುವವರು ಒಂದು ದಿನ ಕೈಲಿಟ್ಟುಕೊಂಡೇ ಹೊರಡಿ.

ಐವತ್ತು ಕಿಲೋಮೀಟರ್‌ಗೂ ಅಷ್ಟೇ ಹೊತ್ತು

ಹೆಚ್ಚಿನವರ ಗುರಿ ಪೋರ್ಟ್ ಬ್ಲೇರ್ ಅಲ್ಲ, ಸ್ವರಾಜ್ ದ್ವೀಪ. ಅಲ್ಲಿಗೆ ನೇರ ಗೆರೆಯಲ್ಲಿ ಸುಮಾರು 50 ಕಿಲೋಮೀಟರ್. ಖಾಸಗಿ ವೇಗದೋಣಿಗೆ ಒಂದೂವರೆಯಿಂದ ಎರಡು ಗಂಟೆ, ಸರ್ಕಾರಿ ದೋಣಿಗೆ ಎರಡೂವರೆ ಗಂಟೆಯ ಹತ್ತಿರ. 1,640 ಕಿಲೋಮೀಟರ್ ಆಕಾಶ ದಾಟಲು ಹಿಡಿದಷ್ಟೇ ಹೊತ್ತು ಈ 50 ಕಿಲೋಮೀಟರ್ ನೀರಿಗೂ ಹಿಡಿಯುತ್ತದೆ. ಜೊತೆಗೆ ಜೆಟ್ಟಿಗೆ ಒಂದು ಗಂಟೆ ಮೊದಲು ಹೋಗಬೇಕು, ಗುರುತಿನ ಚೀಟಿ ತೋರಿಸಬೇಕು, ಲಗೇಜು ಸ್ಕ್ಯಾನ್ ಆಗಬೇಕು.

ದಿನದ ಕೊನೆಯ ದೋಣಿಗಳು ಮಧ್ಯಾಹ್ನವೇ ಹೊರಟುಬಿಡುತ್ತವೆ. ಬೆಂಗಳೂರಿನಿಂದ ಬೆಳಗಿನ ವಿಮಾನ ಹಿಡಿದವರು ಮಾತ್ರ ಅದೇ ದಿನ ದಾಟುವ ಯೋಚನೆ ಮಾಡಬಹುದು. ಅದೂ ವಿಮಾನ ಇಳಿಯುವುದಕ್ಕೂ ದೋಣಿ ಬಿಡುವುದಕ್ಕೂ ನಡುವೆ ಮೂರು ಗಂಟೆಯಾದರೂ ಇದ್ದರೆ. ನನ್ನ ಸಲಹೆ ಕೇಳಿದರೆ ಮೊದಲ ದಿನ ದಾಟುವುದೇ ಬೇಡ. ರಾತ್ರಿ ಎರಡಕ್ಕೆ ಎದ್ದು ಹೊರಟ ಮೈ ಅದು. ಊಟ ಮಾಡಿ, ಮಲಗಿ, ಸಂಜೆ ಸೆಲ್ಯುಲರ್ ಜೈಲಿಗೆ ಹೋಗಿ. ಕತ್ತಲು ಬೇಗ ಬೀಳುವ ಊರಿನಲ್ಲಿ ಅಲ್ಲಿನ ಧ್ವನಿ–ಬೆಳಕಿನ ಪ್ರದರ್ಶನಕ್ಕೆ ಆ ದಿನವೇ ಹೊಂದುತ್ತದೆ. ಮರುದಿನ ಬೆಳಗಿನ ಮೊದಲ ದೋಣಿಯಲ್ಲಿ ದಾಟಿದರೆ ಸಮುದ್ರವೂ ಸಮಾಧಾನವಾಗಿರುತ್ತದೆ, ವಾಂತಿಯ ಕಾಟವೂ ಕಡಿಮೆ. ಪಶ್ಚಿಮಕ್ಕೆ ಮುಖ ಮಾಡಿದ ರಾಧಾನಗರ ಬೀಚಿಗೆ ಮೂರು ಗಂಟೆಯೊಳಗೆ ಹೋಗಿ ಕೂತರೆ ಸೂರ್ಯಾಸ್ತ ಪೂರ್ತಿ ಸಿಗುತ್ತದೆ.

ಅಂಡಮಾನ್ ಬಿಟ್ಟು ಲಕ್ಷದ್ವೀಪವನ್ನು ಯೋಚಿಸುವವರಿಗೂ ಇದೇ ಪಾಠ. ಮಂಗಳೂರಿನಿಂದ ಅಗತ್ತಿಗೆ ನೇರ ಗೆರೆ 380 ಕಿಲೋಮೀಟರ್ ಅಷ್ಟೆ. ಕೊಚ್ಚಿಯಿಂದ ಸುಮಾರು 460. ಆದರೂ ಕೊಚ್ಚಿಯಿಂದ ಹಾರಲು ಒಂದೂಕಾಲರಿಂದ ಒಂದೂವರೆ ಗಂಟೆ ಬೇಕು. ಅಗತ್ತಿಯ ರನ್‌ವೇ ಬಹಳ ಚಿಕ್ಕದು, ಸುಮಾರು 1,200 ಮೀಟರ್. ಅಲ್ಲಿಗೆ ಹೋಗುವುದು ಎಟಿಆರ್‌ನಂಥ ಪಂಖದ ವಿಮಾನ, ಅದರ ವೇಗ ಗಂಟೆಗೆ 500 ಕಿಲೋಮೀಟರ್ ಆಸುಪಾಸು. ಮೇಲಾಗಿ ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಮೊದಲೇ ಮಾಡಿಸಿಕೊಂಡಿರಬೇಕು.

ಮರಳುವ ದಿನ

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಸ್ವರಾಜ್ ದ್ವೀಪಕ್ಕೆ ಹೋದವರಲ್ಲಿ ಬಹಳಷ್ಟು ಮಂದಿ ಸ್ಕೂಬಾ ಡೈವಿಂಗ್ ಮಾಡುತ್ತಾರೆ. ನೀರಿನಾಳದಲ್ಲಿ ಒತ್ತಡ ಹೆಚ್ಚು. ಸಿಲಿಂಡರಿನ ಗಾಳಿಯಲ್ಲಿರುವ ಸಾರಜನಕ ಆ ಒತ್ತಡಕ್ಕೆ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗಿ ಕೂರುತ್ತದೆ. ಮೇಲೆ ಬಂದ ನಂತರ ಅದು ಉಸಿರಿನ ಮೂಲಕ ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ, ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿರುವಷ್ಟಕ್ಕೆ ಇಳಿದಿರುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ, ಕರಗಿದ್ದ ಸಾರಜನಕ ಮೈಯೊಳಗೇ ಗುಳ್ಳೆಯಾಗುತ್ತದೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಹೋಗಬಲ್ಲ ಅಪಾಯ ಇದು. ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕೆಂದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಲಹೆ ನೀಡುತ್ತದೆ. 24 ಗಂಟೆ ಬಿಟ್ಟರೆ ಇನ್ನೂ ಕ್ಷೇಮ. ಡೈವಿಂಗನ್ನು ಪ್ರವಾಸದ ಆರಂಭದಲ್ಲೇ ಮುಗಿಸಿ, ಕೊನೆಯ ದಿನಕ್ಕೆ ಇಡಬೇಡಿ. ನೀರಿನ ಮೇಲ್ಭಾಗದಲ್ಲೇ ತೇಲುತ್ತ ನೋಡುವ ಸ್ನಾರ್ಕೆಲಿಂಗ್‌ಗೆ ಈ ನಿರ್ಬಂಧ ಇಲ್ಲ.

ಇನ್ನು ಲಗೇಜು. ಬೀಚಿನಲ್ಲಿ ಮಕ್ಕಳು ಆರಿಸಿದ ಚಿಪ್ಪು, ಬೆರಳಿನಂಥ ಬಿಳಿ ಹವಳದ ತುಂಡು ಯಾರಿಗೂ ಹೇಳದೆ ಬ್ಯಾಗಿನ ಮೂಲೆ ಸೇರಿರುತ್ತವೆ. ನಿಲ್ದಾಣದ ಸ್ಕ್ಯಾನರ್‌ನಲ್ಲಿ ಅವು ಥಟ್ಟನೆ ಕಾಣುತ್ತವೆ. ಬ್ಯಾಗ್ ಬಿಚ್ಚಿಸುತ್ತಾರೆ, ಒದ್ದೆ ಬಟ್ಟೆಗಳ ನಡುವೆ ಕೈಹಾಕಿ ಹುಡುಕಬೇಕಾಗುತ್ತದೆ, ಹಿಂದೆ ಸಾಲು ಬೆಳೆಯುತ್ತದೆ. ಹವಳ ಮತ್ತು ಹಲವು ಬಗೆಯ ಚಿಪ್ಪುಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಒಯ್ಯುವುದು ಅಪರಾಧ. ಪರವಾನಗಿಯುಳ್ಳ ಅಂಗಡಿಯಲ್ಲಿ ಕೊಂಡದ್ದಾದರೆ ಬಿಲ್ಲು ಜೊತೆಗಿರಲಿ. ಹಿಂದಿನ ರಾತ್ರಿಯೇ ಮಕ್ಕಳನ್ನು ಕೂರಿಸಿಕೊಂಡು ಬ್ಯಾಗ್ ಝಾಡಿಸಿ, ಸಿಕ್ಕಿದ್ದನ್ನು ಅವರ ಕೈಯಿಂದಲೇ ದಡಕ್ಕೆ ಹಾಕಿಸಿ.

ಆ ಹಿಂದಿನ ರಾತ್ರಿ ನೀವು ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಬೆಳಗಿನ ದೋಣಿಯಲ್ಲಿ ಸ್ವರಾಜ್ ದ್ವೀಪದಿಂದ ಬಂದು ಮಧ್ಯಾಹ್ನದ ವಿಮಾನ ಹಿಡಿಯುವ ಯೋಜನೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಸಮುದ್ರ ಕೆಟ್ಟರೆ ದೋಣಿ ರದ್ದಾಗುತ್ತದೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲದಲ್ಲಿ ಎರಡು ಮೂರು ದಿನ ಸತತವಾಗಿ ನಿಲ್ಲುವುದೂ ಉಂಟು. ದೋಣಿ ತಪ್ಪಿದ್ದಕ್ಕೆ ವಿಮಾನ ಸಂಸ್ಥೆ ಕಾಯುವುದಿಲ್ಲ, ಹಣವನ್ನೂ ಕೊಡುವುದಿಲ್ಲ. ದ್ವೀಪಗಳನ್ನು ಮೊದಲು ನೋಡಿ, ಕೊನೆಯ ಒಂದೂವರೆ ದಿನವನ್ನು ಪೋರ್ಟ್ ಬ್ಲೇರ್ ಸುತ್ತಮುತ್ತಲಿಗೆ ಇಟ್ಟುಕೊಳ್ಳಿ; ರಾಸ್ ದ್ವೀಪ, ಚಾಥಮ್ ಸಾಮಿಲ್, ವಂಡೂರ್ ಇವಕ್ಕೆ ಅಷ್ಟು ಹೊತ್ತು ಬೇಕೇ ಬೇಕು. ಬೆಂಗಳೂರಿಗೆ ಬಂದ ಮರುದಿನವೇ ಮದುವೆ, ಪರೀಕ್ಷೆ ಅಥವಾ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಇದ್ದರೆ ಮರಳುವ ಟಿಕೆಟನ್ನು ಇನ್ನೂ ಒಂದು ದಿನ ಮುಂಚಿನದಕ್ಕೆ ತೆಗೆಯಿರಿ.